ಹುಡಗಿಯಲ್ಲೊಂದು ಪಾದಬಂಧನ

ನೀರಿನ ಮೇಲೆ ಜಾರುವ ಹಲಗೆಗೆ ಸವಾರನ ಪಾದವನ್ನು ಹಿಡಿದಿಡುವ ರಬ್ಬರಿನ ಅಥವಾ ಚರ್ಮದ ಕವಚಕ್ಕೆ ಬೈಂಡಿಂಗ್ ಎಂದು ಹೆಸರು. ವಾಟರ್ ಸ್ಕೀಯಿಂಗ್ ಎಂಬ ಈ ಆಟದಲ್ಲಿ ಮೋಟಾರು ದೋಣಿಯೊಂದು ಹಗ್ಗ ಹಿಡಿದವನನ್ನು ಎಳೆದುಕೊಂಡು ಹೋಗುತ್ತದೆ. ವೇಗ ಸಾಕಷ್ಟಾದಾಗ ನೀರು ಹಲಗೆಯ ಅಡಿಯನ್ನು ಮೇಲಕ್ಕೆ ಒತ್ತುವುದರಿಂದ ಅವನು ಮುಳುಗದೆ ನಿಲ್ಲುತ್ತಾನೆ, ನಿಂತಿರುವಷ್ಟು ಹೊತ್ತು ಅವನ ಮಾನ ಪ್ರಾಣಗಳೆರಡೂ ಆ ಕವಚದ ವಶದಲ್ಲಿರುತ್ತವೆ. ಇಂಥ ಕವಚದ ವಿನ್ಯಾಸಕ್ಕೆ ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಹುಡಗಿಯಲ್ಲಿ, ಅಂದರೆ ನಳಕ್ಕೆ ನೀರು ಬಂದ ಸುದ್ದಿ ಓಣಿಯಿಂದ ಓಣಿಗೆ ಓಡುವ ಊರಿನಲ್ಲಿ, ಕೈಹಾಕಿದವನನ್ನು ಇಲ್ಲಿ ವಿನ್ಯಾಸಕ ಎಂದು ಕರೆಯಲಾಗಿದೆ. ಅವನೂ ಈ ಪ್ರಬಂಧದ ಕರ್ತೃವೂ ಒಂದೇ ಮನೆಯಲ್ಲಿದ್ದು ಒಂದೇ ತಾಟಿನಲ್ಲಿ ಉಣ್ಣುತ್ತಾರೆ ಎಂಬುದಕ್ಕಿಂತ ಹೆಚ್ಚಿನ ಸಂಬಂಧವನ್ನು ಸ್ಥಾಪಿಸುವುದು ಶಾಸ್ತ್ರದೃಷ್ಟಿಯಿಂದ ಅನಗತ್ಯ.

ಈ ವಿದ್ಯೆಯ ಮೂಲಪುರುಷ ಅಮೆರಿಕದ ಮಿನ್ನೆಸೋಟ ರಾಜ್ಯದ ರಾಲ್ಫ್ ಸ್ಯಾಮ್ಯುಯೆಲ್ಸನ್. ಪೀಪಾಯಿಯ ಪಟ್ಟಿಗಳನ್ನೂ ಹಿಮದ ಮೇಲೆ ಜಾರುವ ಹಲಗೆಗಳನ್ನೂ ಕಟ್ಟಿಕೊಂಡು ಪೆಪಿನ್ ಸರೋವರದಲ್ಲಿ ಮುಳುಗಿದ ಮೇಲೆ, ಎಂಟು ಅಡಿ ಉದ್ದದ ಪೈನ್ ಹಲಗೆಗಳ ತುದಿಯನ್ನು ತಾಯಿಯ ತಾಮ್ರದ ಹಂಡೆಯಲ್ಲಿ ಕುದಿಸಿ ಬಾಗಿಸಿ, ಚರ್ಮದ ಪಟ್ಟಿಗೆ ಪಾದ ತೂರಿಸಿ, ಅವನು ನೀರಿನ ಮೇಲೆ ನಿಂತದ್ದು 1922ರ ಜುಲೈ 2ರಂದು, ಅಂದರೆ ಹತ್ತೊಂಬತ್ತು ತುಂಬುವ ಹಿಂದಿನ ದಿನ. ಪೇಟೆಂಟಿನ ಗೋಜಿಗೆ ಅವನು ಹೋಗಲಿಲ್ಲ. 1925ರಲ್ಲಿ ಅದನ್ನು ಪಡೆದ ಫ್ರೆಡ್ ವಾಲರ್ ಮುಂದೆ ಸಿನೆರಾಮ ಎಂಬ ಅಗಲ ಪರದೆಯ ಸಿನಿಮಾ ತಂತ್ರದಿಂದ ಹೆಸರಾದ. ಈ ಇತಿಹಾಸದಲ್ಲಿ ಹುಡಗಿಯ ವಿನ್ಯಾಸಕನ ಕಣ್ಣಿಗೆ ಬಿದ್ದದ್ದು ಹಂಡೆ. ಆದರೆ ಅವನ ಮನೆಯ ಹಂಡೆಯ ಮೇಲೆ ಅವನ ಅವ್ವನಿಗಿದ್ದ ಹಕ್ಕು ಯಾವ ಪೇಟೆಂಟಿಗಿಂತಲೂ ಬಲವಾಗಿದ್ದುದರಿಂದ ಹಲಗೆ ನೆಟ್ಟಗೇ ಉಳಿಯಿತು.

ಬೈಂಡಿಂಗಿನ ಹೆಗಲ ಮೇಲೆ ಒಂದಕ್ಕೊಂದು ಹೊಂದದ ಎರಡು ಕೆಲಸಗಳಿವೆ. ಸ್ಪರ್ಧೆಯಲ್ಲಿ ಪುರುಷರ ದೋಣಿಗೆ ವಿಧಿಸಿರುವ ಗರಿಷ್ಠ ವೇಗವಾದ ಗಂಟೆಗೆ 58 ಕಿಲೋಮೀಟರಿನಲ್ಲಿ, ಬೂಯಿಗಳೆಂಬ ತೇಲುಗುಂಡುಗಳನ್ನು ಸುತ್ತಿ ಹೊರಳುವಾಗ ಪಾದ ಒಂದಿಷ್ಟೂ ಅಲುಗಬಾರದು. ಬಿದ್ದ ಕ್ಷಣದಲ್ಲಿ ಅದೇ ಪಾದ ತಾನಾಗಿ ಕಳಚಿಕೊಳ್ಳಬೇಕು, ಏಕೆಂದರೆ ನೀರಿಗೆ ಸಿಕ್ಕ ಉದ್ದನೆಯ ಹಲಗೆ ಸನ್ನೆಗೋಲಾಗಿ ತಿರುಚಿದರೆ ಹರಡು, ಮೊಣಕಾಲುಗಳ ಅಸ್ಥಿರಜ್ಜುಗಳು ಹರಿಯುತ್ತವೆ. ಒಂದೇ ಹಲಗೆಯ ಮೇಲೆ ಒಂದರ ಹಿಂದೊಂದು ಪಾದವಿಟ್ಟು ನಿಲ್ಲುವ ಸ್ಲಾಲಂ ಪದ್ಧತಿಯಲ್ಲಿ ಒಂದು ಪಾದ ಕಳಚಿ ಇನ್ನೊಂದು ಉಳಿದುಬಿಟ್ಟರೆ ಹಲಗೆಯ ಸಿಟ್ಟೆಲ್ಲ ಉಳಿದ ಕಾಲಿನ ಪಾಲಿಗೆ. ಆದ್ದರಿಂದ ಕೆಲವರು ಎರಡು ಬೂಟುಗಳನ್ನೂ ಒಂದೇ ತಟ್ಟೆಗೆ ಕೂರಿಸಿ, ತಟ್ಟೆಯನ್ನು ಹಲಗೆಗೆ ವೆಲ್ಕ್ರೋ ಮಾದರಿಯ ಪಟ್ಟಿಯಿಂದ ಅಂಟಿಸುತ್ತಾರೆ. ಬಿದ್ದಾಗ ತಟ್ಟೆಯೇ ಕಿತ್ತುಬಂದು ಎರಡೂ ಕಾಲುಗಳಿಗೆ ಒಟ್ಟಿಗೆ ಬಿಡುಗಡೆ. ಇನ್ನು ಕೆಲವರು ಹಿಂದಿನ ಪಾದಕ್ಕೆ ಬೆರಳ ಕಡೆಯ ಭಾಗವನ್ನಷ್ಟೇ ತೂರಿಸುವ ಒಂದು ಪಟ್ಟಿ ಕೊಟ್ಟು ಸುಮ್ಮನಾಗುತ್ತಾರೆ. ವಿನ್ಯಾಸಕ ಈ ಎಲ್ಲವನ್ನೂ ಓದಿ, ಮೆಚ್ಚಿ, ಬದಿಗಿಟ್ಟು, ಟ್ರ್ಯಾಕ್ಟರ್ ಗಾಲಿಯ ಹಳೆಯ ಟ್ಯೂಬನ್ನು ಆರಿಸಿಕೊಂಡ.

ಟ್ಯೂಬನ್ನು ಕತ್ತರಿಸಿ ಹೊಲಿದುಕೊಟ್ಟವರು ಊರಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. "ಮಾಸ್ತರ್, ಇದನ್ ಹಾಕ್ಕೊಂಡು ಎಲ್ಲಿ ಹೋಗವ್ರಿದ್ದೀರಿ?" ಎಂಬ ಅವರ ಪ್ರಶ್ನೆ ವಿನ್ಯಾಸದ ಇತರ ಸಮಸ್ಯೆಗಳಿಗಿಂತ ಗಹನವಾಗಿತ್ತು. ಕಾರಂಜಾ ಜಲಾಶಯವೇನೋ ಜಿಲ್ಲೆಯಲ್ಲೇ ಇದೆ. ಆದರೆ ಅದರಲ್ಲಿ ಹೊಲ ಮನೆ ಕಳೆದುಕೊಂಡವರು ಪರಿಹಾರ ಕೇಳುತ್ತ ಧರಣಿ ಕೂತಿರುವಾಗ, ಅದರ ಮೇಲೆ ಜಾರಾಡಲು ಅನುಮತಿ ಕೋರುವ ಅರ್ಜಿಯನ್ನು ಬರೆಯಲು ವಿನ್ಯಾಸಕನ ಪೆನ್ನು ಏಳಲಿಲ್ಲ. ಮಳೆ ಬಿದ್ದಾಗ ಎರೆಹೊಲದ ಕೆಸರಿನಲ್ಲಿ ಹಲಗೆಯ ಮೇಲೆ ನಿಂತು, ಹಗ್ಗವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದರಾಯಿತು ಎಂದು ಓಣಿಯ ಹುಡುಗರು ಉಪಾಯ ಹೇಳಿದರು. ಕಾಕಾ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, "ನಮ್ಮ ಹರಳಯ್ಯನೋರ್ನ ಹಂಗೇ ಎಳಸ್ಯಾರಲ್ರೀ" ಎಂದರು.

ಪಕ್ಕದ ತಾಲೂಕಿನ ಬಸವಕಲ್ಯಾಣದಲ್ಲಿ ನಡೆದ ಸಂಗತಿಯನ್ನು ಈ ಸೀಮೆಯಲ್ಲಿ ಪಾದದ ವಿಚಾರ ಎತ್ತಿದ ಯಾರೂ ಬಳಸಿ ಹೋಗಲಾರರು. ತಮ್ಮ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಹೊಲಿದರೆಂದೂ, ಅವನ್ನು ಬಸವಣ್ಣ ಮೆಟ್ಟದೆ ತಲೆಯ ಮೇಲೆ ಹೊತ್ತರೆಂದೂ ಪರಂಪರೆ ನೆನೆಯುವ ಹರಳಯ್ಯನವರು, ಬ್ರಾಹ್ಮಣ ಮೂಲದ ಶರಣ ಮಧುವರಸರ ಮಗಳನ್ನು ಸೊಸೆಯಾಗಿ ತಂದುಕೊಂಡದ್ದಕ್ಕೆ, ಬೀಗರೊಡನೆ ಎಳೆಹೂಟೆಗೆ ಗುರಿಯಾದರು. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸುವ ಶಿಕ್ಷೆಗೆ ಆ ಹೆಸರು. ಹನ್ನೆರಡನೆಯ ಶತಮಾನದ ಆ ಹಗ್ಗದ ಮಾತು ಬಂದ ಮೇಲೆ ಅಲ್ಲಿ ಯಾರೂ ನಗಲಿಲ್ಲ. ಟ್ರ್ಯಾಕ್ಟರ್ ಯೋಜನೆಯನ್ನು ಕೈಬಿಡಲಾಯಿತು. ಹುಡುಗರಿಗೆ ಡೀಸೆಲ್ ದರವನ್ನು ಕಾರಣವಾಗಿ ತಿಳಿಸಲಾಯಿತು.

ಉಳಿದದ್ದು ಅಂಗಳದ ಪರೀಕ್ಷೆ. ಒಣ ಪಾದ ರಬ್ಬರಿನೊಳಗೆ ಇಳಿಯದು, ಸಾಬೂನಿನ ಲೋಳೆ ಬೇಕು ಎಂಬುದು ಈ ಶಾಸ್ತ್ರದ ಸರ್ವಸಮ್ಮತ ನಿಯಮವಾದ್ದರಿಂದ ಒಂದು ತಂಬಿಗೆ ಸಾಬೂನು ನೀರಿನಲ್ಲಿ ವಿನ್ಯಾಸಕನ ಎರಡೂ ಪಾದಗಳು ಆರಡಿ ಹಲಗೆಯ ಮೇಲೆ, ಒಂದರ ಹಿಂದೊಂದು, ಸೊಗಸಾಗಿ ಇಳಿದವು. ಬೇಸಗೆಯ ಬಿಸಿಲಿನಲ್ಲಿ ಆ ತೇವ ಆರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ರಬ್ಬರು ಹಿಡಿಯಿತು, ಹಿಡಿತದ ಮಟ್ಟಿಗೆ ವಿನ್ಯಾಸ ನೂರಕ್ಕೆ ನೂರು ಗೆದ್ದಿತು. ಅದೇ ಗಳಿಗೆಯಲ್ಲಿ ಗ್ಯಾಸ್ ಸಿಲಿಂಡರಿನ ಹುಡುಗ ಬಂದು, "ಸರ, ಓಟಿಪಿ ಹೇಳ್ರಿ" ಎಂದ. ಫೋನು ಒಳಮನೆಯ ಗೂಡಿನಲ್ಲಿತ್ತು.

ಎರಡೂ ಪಾದಗಳು ಒಂದೇ ಹಲಗೆಗೆ ಬಿಗಿದಿರುವ ಮನುಷ್ಯನಿಗೆ ನಡೆಯಲು ಬಾರದು, ಕುಪ್ಪಳಿಸಲು ಮಾತ್ರ ಬರುತ್ತದೆ. ಹಳೆಯ ಮನೆಯ ಬಾಗಿಲು ಗಿಡ್ಡಾದ್ದರಿಂದ ಅಲ್ಲಿ ಕುಪ್ಪಳಿಸಿದವನ ತಲೆ ಮೇಲಿನ ಪಟ್ಟಿಗೆ ಬಡಿಯುತ್ತದೆ. ಬಗ್ಗಿ ಕುಪ್ಪಳಿಸಿದರೆ ಹಲಗೆಯ ಮೂತಿ ಎತ್ತರದ ಹೊಸ್ತಿಲನ್ನು ದಾಟದು. ಈ ಮೂರನ್ನೂ ಅಂಗಳದಲ್ಲೇ ಲೆಕ್ಕಹಾಕಿದ್ದ ವಿನ್ಯಾಸಕ ಗೋಡೆ ಹಿಡಿದು, ಹಿಂದಕ್ಕೆ ವಾಲಿ, ಸ್ಯಾಮ್ಯುಯೆಲ್ಸನ್ ಪೆಪಿನ್ ಸರೋವರದಲ್ಲಿ ಮಾಡಿದಂತೆಯೇ ಹಲಗೆಯ ಮೂತಿಯನ್ನು ಮೇಲೆತ್ತಿ, ಹೊಸ್ತಿಲ ಮೇಲೆ ಏರಿಸಿದ. ಅರ್ಧ ಹಲಗೆ ಒಳಗೆ, ಅರ್ಧ ಹೊರಗೆ. ವಿನ್ಯಾಸಕ ನಡುವೆ, ಮೇಲೆ ಕೆಳಗೆ ತೂಗುತ್ತ. "ಹೊಸ್ತಿಲ ತುಳೀಬ್ಯಾಡೋ, ದರಿದ್ರ ಬರ್ತದ!" ಎಂದು ಅವ್ವ ಒಲೆಯ ಕಡೆಯಿಂದ ಕೂಗಿದಳು. ಹೊಸ್ತಿಲನ್ನು ತುಳಿಯುತ್ತಿರುವುದು ಹಲಗೆಯೇ ಹೊರತು ಪಾದವಲ್ಲ, ಪಾದ ಮತ್ತು ಹೊಸ್ತಿಲ ನಡುವೆ ಒಂದಿಂಚು ದಪ್ಪದ ಜಾಲಿಮರವಿದೆ ಎಂಬ ವಾದವನ್ನು ಅವನು ತೂಗುತ್ತಲೇ ಮಂಡಿಸಿದ. ಗೋಡೆಗೆ ಒರಗಿದ್ದ ಪಕ್ಕದ ಮನೆಯವರೊಬ್ಬರು ವಾದದಲ್ಲಿ ಹುರುಳಿದೆ ಎಂದರು. ಇನ್ನೊಬ್ಬರು ಕಾಲಿಗೆ ಎಣ್ಣೆ ಹಚ್ಚಿ ಎಂದರು. ಮತ್ತೊಬ್ಬರು, ಯಾವ ವಿಪತ್ತಿನಲ್ಲೂ ತಪ್ಪದೆ ಹಾಜರಾಗಿ ಏನೂ ಮಾಡದಿರುವ ಆ ಜಾತಿಯ ಮಹನೀಯರು, ವಿಡಿಯೊ ತೆಗೆದರು. ಅವ್ವ ಕೈ ಒರೆಸಿಕೊಂಡು ಬಂದು, ಗೂಡಿನಿಂದ ಫೋನು ತೆಗೆದು ಸಿಲಿಂಡರಿನ ಹುಡುಗನ ಕೈಗೇ ಕೊಟ್ಟಳು. ಅವನು ನಂಬರು ನೋಡಿಕೊಂಡು, ಸಿಲಿಂಡರನ್ನು ವಿನ್ಯಾಸಕನ ಪಕ್ಕದಿಂದ ಒಳಗೆ ಉರುಳಿಸಿ ಹೋದ.

ಕಾಕಾ ಬಂದವರೇ ಕುಡಿಯುವ ನೀರಿನ ಕೊಡದಿಂದ ಒಂದು ಚರಿಗೆ ನೀರು ಕೇಳಿದರು. ಅವ್ವ ಗೊಣಗುತ್ತ ಕೊಟ್ಟಳು. ನೀರನ್ನು ರಬ್ಬರಿನ ಅಂಚಿಗೆ ಹನಿಸಿ, ಬೆರಳು ತೂರಿಸಿ, ಹಿಮ್ಮಡಿಯ ಕಡೆಯಿಂದ ಸುಲಿದು ಎರಡೂ ಪಾದಗಳನ್ನು ಈಚೆಗೆ ತೆಗೆದ ಮೇಲೆ, "ಹಿಂಬಡದ ಕಡಿ ಒಂದ್ ಕುಣಿಕಿ ಇದ್ದಿದ್ರ ಇಷ್ಟ್ ತ್ರಾಸ ಇರ್ತಿದ್ದಿಲ್ರಿ" ಎಂದು ಅಲ್ಲೇ ಕೂತು ಟ್ಯೂಬಿನ ಚೂರಿನಿಂದ ಎರಡು ಕುಣಿಕೆಗಳನ್ನು ಹೊಲಿದರು. ಹಿಮ್ಮಡಿಯ ಹಿಂದೆ ಬೆರಳು ಹಾಕಿ ಎಳೆಯುವ ಇಂಥ ಕುಣಿಕೆ ಪೇಟೆಯ ರಬ್ಬರ್ ಬೈಂಡಿಂಗುಗಳಲ್ಲಿ ಸಾಮಾನ್ಯವೆಂದು ವಿನ್ಯಾಸಕ ಅವರಿಗೆ ಸಡಗರದಿಂದ ವಿವರಿಸಿದ. ಹಾಗಿದ್ದರೆ ಇದಕ್ಕೆ ಕೂಲಿ ಬೇರೆ ಎಂದು ಕಾಕಾ ಕೈಚಾಚಿದರು.