ಶ್ಶ್, ಗಿಡ ಮಲಗಿದೆ

ಮನೆಗೆ ಬಂದವರು ಸಾಮಾನ್ಯವಾಗಿ ಚಪ್ಪಲಿ ಬಿಟ್ಟು, ಫ್ಯಾನಿನ ಕೆಳಗೆ ಜಾಗ ನೋಡಿ ಕೂತು, "ಮತ್ತೆ, ಏನ್ ಸಮಾಚಾರ?" ಅನ್ನುತ್ತಾರೆ. ಗಿಡದ ಹುಚ್ಚು ಹತ್ತಿದವರು ಹಾಗಲ್ಲ. ಸೀದಾ ಬಾಲ್ಕನಿಗೆ ಹೋಗಿ ನಿಮ್ಮ ಕುಂಡದ ಮಣ್ಣಿನೊಳಗೆ ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಇಳಿಸುತ್ತಾರೆ. ನಾಡಿ ಹಿಡಿದ ಪಂಡಿತರ ಹಾಗೆ ಒಂದು ಕ್ಷಣ ಕಣ್ಣು ಮುಚ್ಚಿ, "ನೀರು ಜಾಸ್ತಿ" ಎಂದು ತೀರ್ಪು ಕೊಡುತ್ತಾರೆ. ಯಾರ ಮನೆಯಾದರೂ, ಯಾವ ಗಿಡವಾದರೂ ತೀರ್ಪು ಅದೇ. ಆಮೇಲೆ ಅದೇ ಬೆರಳಿನಿಂದ ನಿಮ್ಮ ತಟ್ಟೆಯ ಚಕ್ಕುಲಿ ಮುರಿಯುತ್ತಾರೆ.

ಈ ಪಂಗಡದ ಅಪ್ಪಟ ಮಾದರಿಯೊಂದು ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಬಾಗಿಲಿಗೆ ಎದುರುಬದುರಾಗಿಯೇ ವಾಸವಾಗಿದೆ. ರಾಯರು ಅನ್ನೋಣ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರ್ ಆದವರು. ಸಾಲ ಕೇಳಲು ಬಂದವರನ್ನು ಅನುಮಾನದಿಂದ ನೋಡಿ ನೋಡಿ ಪಳಗಿದ ಕಣ್ಣು ಈಗ ಎಲೆಗಳ ಅಡಿಭಾಗ ನೋಡುತ್ತದೆ, ಬಿಳಿನೊಣ ಕೂತಿದೆಯಾ ಅಂತ. ನನ್ನ ಬಾಲ್ಕನಿಯ ಬಗ್ಗೆ ಅವರಿಗೆ ಅಪಾರ ಕನಿಕರ. ನಮ್ಮಲ್ಲಿ ಬದುಕುಳಿದಿರುವ ಏಕೈಕ ಗಿಡ ಮನಿ ಪ್ಲಾಂಟು. ಅದೂ ಪಕ್ಕದ ಮನೆಯಿಂದ ಗ್ರಿಲ್ ದಾಟಿ ತಾನಾಗಿ ಹಬ್ಬಿಕೊಂಡು ಬಂದದ್ದು.

ಒಂದು ಡಿಸೆಂಬರಿನಲ್ಲಿ ಮಗಳ ಸ್ನೇಹಿತೆ ಯಾರೋ ರಾಯರಿಗೆ ಕೆಂಪಗೆ ಉರಿಯುವಂಥ ಪಾಯಿನ್ಸೆಟಿಯಾ ಕುಂಡ ತಂದುಕೊಟ್ಟಳು. ನರ್ಸರಿಯವರು ಕ್ರಿಸ್‌ಮಸ್ ಗಿಡ ಅನ್ನುತ್ತಾರಲ್ಲ, ಅದೇ. ನಮ್ಮ ನಿಮ್ಮಂಥವರು ಏನು ಮಾಡುತ್ತೇವೆ? ಟೀಪಾಯಿಯ ಮೇಲಿಟ್ಟು, ಬಂದವರಿಂದೆಲ್ಲ ಹೊಗಳಿಸಿಕೊಂಡು, ಸಂಕ್ರಾಂತಿ ಕಳೆದು ಎಲೆ ಉದುರತೊಡಗಿದಾಗ ಕೆಲಸದವಳ ಕೈಗೆ ಕೊಟ್ಟು ಸುಮ್ಮನಾಗುತ್ತೇವೆ. ರಾಯರು ಮೊದಲು ಕುಂಡಕ್ಕೆ ಸುತ್ತಿದ್ದ ಜರಿ ಕಾಗದವನ್ನು ಪರಪರ ಹರಿದರು. ಅದರೊಳಗೆ ನೀರು ನಿಂತು ಬೇರು ಕೊಳೆಯುತ್ತದಂತೆ. ಅಂದಿನಿಂದ ಇಂದಿನವರೆಗೆ ಯಾವ ಗೃಹಪ್ರವೇಶಕ್ಕೆ ಹೋದರೂ ಉಡುಗೊರೆ ಬಂದ ಕುಂಡಗಳ ಬಟ್ಟೆ ಬಿಚ್ಚುವುದು ಅವರ ಮೊದಲ ಕೆಲಸ.

ಜ್ಞಾನಕ್ಕೂ ಬರವಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಸಾಕು, ಮೂರನೇ ಮಹಡಿ ತಲಪುವುದರೊಳಗೆ ಮೆಕ್ಸಿಕೋ ಮುಟ್ಟಿಸುತ್ತಾರೆ. ಆ ದೇಶಕ್ಕೆ ಅಮೆರಿಕದ ಮೊದಲ ರಾಯಭಾರಿಯಾಗಿ 1825ರಲ್ಲಿ ಹೋದವನು ಜೋಯೆಲ್ ಪಾಯಿನ್ಸೆಟ್. ಅವನು ಅಲ್ಲಿ ಈ ಗಿಡ ಕಂಡು ಮರುಳಾಗಿ ದಕ್ಷಿಣ ಕೆರೊಲಿನಾದ ತನ್ನೂರಿಗೆ ಕಳಿಸಿದ. ಗಿಡಕ್ಕೆ ಅವನ ಹೆಸರೇ ನಿಂತಿತು. ರಾಯರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ನಾನು ಓದಿ ತಿಳಿದದ್ದು: ಆ ಮಹಾಶಯ ಮೆಕ್ಸಿಕೋದ ರಾಜಕೀಯದಲ್ಲಿ ಎಷ್ಟು ಕೈಯಾಡಿಸಿದನೆಂದರೆ, "ದಯವಿಟ್ಟು ಇವನನ್ನು ವಾಪಸ್ ಕರೆಸಿಕೊಳ್ಳಿ" ಎಂದು ಅಲ್ಲಿನ ಸರ್ಕಾರವೇ ಕೇಳಿಕೊಳ್ಳಬೇಕಾಯಿತು. ಹೆಸರು ಗಿಡಕ್ಕೆ ಹೋಯಿತು, ಗುಣ ಗಿಡ ಸಾಕುವವರಿಗೆ ಬಂತು.

1919ರಲ್ಲಿ ಹವಾಯಿಯಲ್ಲಿ ಇದರ ಎಲೆ ತಿಂದು ಮಗುವೊಂದು ಸತ್ತಿತು ಅನ್ನುವ ಸುದ್ದಿ, ಅದಕ್ಕೆ ಆಧಾರವಿಲ್ಲ ಅನ್ನುವುದು, ಹಾಗಂತ ಹಾಲು ಸೋಕಿದರೆ ಚರ್ಮ ಕೆರೆಯಬಹುದು ಅನ್ನುವುದು — ಎಲ್ಲವೂ ರಾಯರಿಗೆ ಬಾಯಿಪಾಠ. ಅವರ ಹೆಂಡತಿ ಹಳ್ಳಿಯಿಂದ ಬಂದವರು, ಹಾಲು ಕಂಡ ಕೂಡಲೇ ಗುರುತು ಹಿಡಿದರು. "ಇದು ನಮ್ಮೂರ ಬೇಲಿ ಕಳ್ಳಿಯ ಬಳಗ ಕಣ್ರೀ. ಅದಕ್ಕಿಷ್ಟು ರಾಜೋಪಚಾರ!" ಆಕೆ ಹೇಳಿದ್ದು ಸಸ್ಯಶಾಸ್ತ್ರದ ಪ್ರಕಾರವೂ ಸರಿ, ಎರಡೂ ಯೂಫೋರ್ಬಿಯಾಗಳೇ. ರಾಯರು ಆ ದಿನ ಊಟಕ್ಕೆ ಮಜ್ಜಿಗೆ ಬೇಡ ಅಂದರಂತೆ.

ನಿಜವಾದ ಪ್ರಕರಣ ಶುರುವಾದದ್ದು ಮರುವರ್ಷದ ಅಕ್ಟೋಬರಿನಲ್ಲಿ. ಈ ಗಿಡ ಕೆಂಪಾಗಬೇಕಾದರೆ ದೀರ್ಘ ಕತ್ತಲೆ ಬೇಕು. ಪುಸ್ತಕದ ಲೆಕ್ಕದಲ್ಲಿ ದಿನಕ್ಕೆ 14 ಗಂಟೆ, ಎಂಟು ಹತ್ತು ವಾರ. ನಡುವೆ ಯಾರೋ ದೀಪ ಹಾಕಿ ಆರಿಸಿದರೂ ಗಿಡಕ್ಕೆ ಲೆಕ್ಕ ತಪ್ಪಿ, ಹಸಿರಾಗಿಯೇ ಉಳಿದುಬಿಡಬಹುದು. ರಾಯರ ಬಾಲ್ಕನಿಗೋ ಎದುರು ಕಾಂಪ್ಲೆಕ್ಸಿನ ಪಾರ್ಕಿಂಗ್ ದೀಪ ರಾತ್ರಿಯಿಡೀ ಹೊಡೆಯುತ್ತದೆ. ವಾಷಿಂಗ್ ಮೆಷಿನ್ ಬಂದಿದ್ದ ರಟ್ಟಿನ ಡಬ್ಬ ಅಟ್ಟದಿಂದ ಇಳಿಯಿತು. ಸಂಜೆ ಐದಕ್ಕೆ ಮುಚ್ಚುವುದು, ಬೆಳಿಗ್ಗೆ ಏಳಕ್ಕೆ ತೆಗೆಯುವುದು.

ಡಬ್ಬದೊಳಗೆ ಬೆಳಕು ನುಸುಳುತ್ತಿದೆಯೇ ಎಂದು ಪರೀಕ್ಷಿಸುವುದು ಹೇಗೆ? ಒಂದು ರಾತ್ರಿ ರಾಯರು ಅದನ್ನು ತಮ್ಮ ತಲೆಯ ಮೇಲೆ ಬೋರಲು ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತರು. ಸೊಂಟದ ತನಕ ಡಬ್ಬ, ಕೆಳಗೆ ಪಂಚೆ. ಒಳಗಿನಿಂದ ದನಿ: "ಬಲಗಡೆ ಮೂಲೆ... ಇನ್ನೂ ಮೇಲೆ... ಹಾಂ, ಅಲ್ಲೇ!" ಹೊರಗಡೆ ಅವರ ಹೆಂಡತಿ ಬ್ರೌನ್ ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಹರಿದು ಅಂಟಿಸುತ್ತಿದ್ದರು. ಗೇಟಿನಲ್ಲಿದ್ದ ಸೆಕ್ಯುರಿಟಿಯವನು ಮೇಲೆ ನೋಡಿ ಇಂಟರ್‌ಕಾಮ್‌ನಲ್ಲಿ ನನ್ನನ್ನು ಎಬ್ಬಿಸಿದ: "ಸಾರ್, ಎದುರು ಮನೆಯವರು ಹುಷಾರಾಗಿದ್ದಾರಾ?"

ಬೇರೆ ತಿಂಗಳಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಈ ಗಿಡ ಕತ್ತಲೆ ಬೇಡುವುದು ನಾವು ಬೆಳಕಿನ ಹಬ್ಬ ಮಾಡುವ ಕಾಲದಲ್ಲೇ. ದೀಪಾವಳಿಯ ರಾತ್ರಿ ರಾಯರು ಕೆಳಗಿಳಿದು ಹೋಗಿ ಹುಡುಗರಿಗೆ, "ಸ್ವಲ್ಪ ಆ ಕಡೆ ಹಚ್ಕೊಳ್ರಪ್ಪಾ, ಮೇಲೆ ಹೂವಿನ ಕುಂಡ ಇದೆ" ಅಂದರು. "ಅಂಕಲ್, ನಮ್ಮದೂ ಹೂಕುಂಡನೇ" ಎಂದು ಒಬ್ಬ ಬತ್ತಿಗೆ ಕಿಡಿ ತಾಗಿಸಿಯೇಬಿಟ್ಟ. ಮುಂದೆ ತುಳಸಿ ಹಬ್ಬ. ಬಾಲ್ಕನಿಯಲ್ಲಿ ತುಳಸಿಗೂ ಡಬ್ಬಕ್ಕೂ ನಡುವೆ ಮೊಳದ ಅಂತರ. "ಎರಡೇ ಎರಡು ಹಚ್ಚೇ" ಅಂದ ರಾಯರಿಗೆ, "ಕಾರ್ತಿಕದಲ್ಲಿ ದೀಪ ಬೇಡ ಅಂದ ಗಂಡಸು ನೀವೊಬ್ಬರೇ" ಎಂಬ ಉತ್ತರ ಸಿಕ್ಕಿತು. ಕೊನೆಗೆ ನೆಲ್ಲಿಕಾಯಿ ದೀಪಗಳೆಲ್ಲ ಉರಿದು ಮಂಗಳಾರತಿ ಮುಗಿಯುವ ತನಕ ರಾಯರು ಕಪ್ಪು ಕೊಡೆ ಬಿಚ್ಚಿ ಡಬ್ಬಕ್ಕೆ ಅಡ್ಡ ಹಿಡಿದು ನಿಂತರು. ಕೋಸಂಬರಿಯನ್ನು ಎಡಗೈಯಲ್ಲಿ ಇಸಕೊಂಡರು ಅನ್ನುವುದು ಆಕೆಗೆ ಇಂದಿಗೂ ಬೇಸರ.

ಡಿಸೆಂಬರ್ ಕೊನೆಗೆ ಗಿಡದ ತುದಿಯಲ್ಲಿ ಒಂದಿಷ್ಟು ಎಲೆ ಕೆಂಪಾದವು. ಮಹಡಿಯವರಿಗೆಲ್ಲ ಕೇಸರಿಬಾತ್. "ಹೂವು ಚೆನ್ನಾಗಿದೆ" ಅಂದೆ. "ಅದು ಹೂವಲ್ಲ. ಎಲೆ. ಹೂವು ಅಂದರೆ ಮಧ್ಯದಲ್ಲಿ ಹಳದಿ ಗುಂಡು ಕಾಣ್ತಿದೆಯಲ್ಲ, ಅದು" ಅಂದರು. ಸಾಸಿವೆಗಿಂತ ತುಸು ದೊಡ್ಡವು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹೊಗಳಿದೆ.

ಅದರ ಮಾರನೇ ವರ್ಷ ದಸರಾ ಮುಗಿಯುತ್ತಿದ್ದಂತೆ ರಾಯ ದಂಪತಿ ನ್ಯೂಜೆರ್ಸಿಯ ಮಗಳ ಮನೆಗೆ ಹೊರಟರು. ಗಿಡ ನನ್ನ ಪಾಲಿಗೆ ಬಂತು, ಜೊತೆಗೆ ಬ್ಯಾಂಕಿನ ಸರ್ಕ್ಯುಲರ್ ಧಾಟಿಯಲ್ಲಿ ಟೈಪಾದ ಸೂಚನೆಗಳು. ಇಲ್ಲಿ ಸಂಜೆ ಐದಾದರೆ ಅಲ್ಲಿ ಬೆಳಿಗ್ಗೆ ಏಳೂವರೆ. ಸರಿಯಾಗಿ ಆ ಹೊತ್ತಿಗೆ ವಿಡಿಯೋ ಕಾಲ್. "ಮಲಗಿತಾ?" ಮಲಗಿತು ರಾಯರೇ. ಒಂದು ಸಂಜೆ ಕರೆ ತಡವಾಗಿ ಬಂತು, ಹೊರಗೆ ಕತ್ತಲು. "ಒಂದ್ಸಲ ತೋರಿಸಿ." ಡಬ್ಬ ಎತ್ತಿದೆ. "ಅಯ್ಯೋ, ಟಾರ್ಚ್ ಹಾಕಬೇಡಿ!" ಹಾಕದಿದ್ದರೆ ಏನೂ ಕಾಣುವುದಿಲ್ಲವಲ್ಲ ಅಂದೆ. "ಕಾಣದಿದ್ದರೆ ಸರಿಯಾಗಿದೆ ಅಂತ ಅರ್ಥ" ಅಂದರು. ಆದರೂ ಫೋನ್ ಇಡಲಿಲ್ಲ. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದಾರೆ, ಮೊಮ್ಮಗ ಸ್ಕೂಲಿಗೆ, ಇವಳು ಒಳಗೆ ಟೀವಿ ನೋಡ್ತಿದ್ದಾಳೆ, ಹೊರಗೆ ಹೋದರೆ ಚಳಿ ಅಂತೆಲ್ಲ ಹೇಳಿದರು. ನಾನು ಕತ್ತಲಲ್ಲಿ ಕತ್ತಲನ್ನೇ ತೋರಿಸುತ್ತಾ ನಿಂತಿದ್ದೆ.

ಜನವರಿಯಲ್ಲಿ ಅವರು ವಾಪಸಾದರು. ಗಿಡ ನನ್ನ ಕೈಯಲ್ಲಿ ಅವರ ಕೈಯಲ್ಲಿದ್ದಾಗಿನದಕ್ಕಿಂತ ಚೆನ್ನಾಗಿಯೇ ಕೆಂಪಾಗಿತ್ತು; ರಾಯರು ಬೆರಳಿಳಿಸಿ, "ನೀರು ಜಾಸ್ತಿ" ಅಂದರು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅಮೆರಿಕದ ಸುದ್ದಿ ಕೇಳಿದರೆ ಬರೀ ಒಂದೇ ಸಂಕಟ: ಹೊಸ ವರ್ಷ ಕಳೆದ ಮೇಲೆ ಆ ಬಡಾವಣೆಯಲ್ಲಿ ಮನೆ ಮನೆಯ ಮುಂದೆ ಕಸದ ಡಬ್ಬದ ಪಕ್ಕ ಇವೇ ಕುಂಡಗಳು, ಜರಿ ಕಾಗದದ ಸಮೇತ. "ಜೀವ ಇತ್ತು ಕಣ್ರೀ ಅದರಲ್ಲಿ. ಎಲೆ ಉದುರಿತ್ತು, ಅಷ್ಟೇ." ಒಂದನ್ನು ಎತ್ತಿಕೊಂಡು ಬಂದದ್ದಕ್ಕೆ ಮಗಳು ಬೈದಳಂತೆ. ಅದನ್ನು ನಗುತ್ತಲೇ ಹೇಳಿದರು.

ಹೇಗಾದರೂ ಅವರ ಬಾಯಿ ಮುಚ್ಚಿಸಬೇಕೆಂದು ಒಂದು ಸಂಜೆ ವಾಕಿಂಗ್ ನೆಪದಲ್ಲಿ ಫ್ರೇಜರ್ ಟೌನಿನ ಹಳೆಯ ಬಂಗಲೆಯೊಂದರ ಬಳಿ ಕರೆದೊಯ್ದೆ. ಬೀಗ ಹಾಕಿದ ಗೇಟು. ಕಾಂಪೌಂಡಿನ ಮೇಲೆ ಎರಡಾಳೆತ್ತರದ ಪಾಯಿನ್ಸೆಟಿಯಾ, ಇಡೀ ಗೋಡೆಗೆ ಕುಂಕುಮ ಎರಚಿದ ಹಾಗೆ. ನಮ್ಮೂರಿನ ಚಳಿಗಾಲದ ರಾತ್ರಿಯೇ ಅದಕ್ಕೆ ಸಾಲುವಷ್ಟು ಉದ್ದ. ಡಬ್ಬ ಮುಚ್ಚುವವರಿಲ್ಲ, ನೀರು ಹಾಕುವವರೂ ಇಲ್ಲ. "ಏನಂತೀರಿ?" ಅಂದೆ.

ರಾಯರು ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಪಕ್ಕದ ಬೀದಿದೀಪದ ಕಂಬದ ಹತ್ತಿರ ಹೋಗಿ ಕತ್ತೆತ್ತಿದರು. ಬೀದಿಯ ಉಳಿದ ದೀಪಗಳೆಲ್ಲ ಹತ್ತಿದ್ದವು, ಅದೊಂದು ಹತ್ತಿರಲಿಲ್ಲ. ಗುಂಡಿ, ಕಸ, ಚರಂಡಿ ಅಂತ ದಿನ ಬೆಳಗಾದರೆ ಒಂದೊಂದು ದೂರು ಬರೆದು ಹಾಕುವ ಮನುಷ್ಯ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಕಂಬದ ನಂಬರ್ ಬರೆದುಕೊಂಡರು.

"ಇದರ ಮೇಲೆ ಮಾತ್ರ ಯಾರೂ ಕಂಪ್ಲೇಂಟ್ ಕೊಡದ ಹಾಗೆ ನೋಡಿಕೊಳ್ಳಬೇಕು" ಅಂದರು.