ಮಗನ ಲ್ಯಾಪ್‌ಟಾಪು, ಅಪ್ಪನ ಅಡಿಕೆ

ತರೀಕೆರೆಯ ಅಡಿಕೆ ಬೆಳೆಗಾರರ ಮನೆಯ ಹುಡುಗನೊಬ್ಬ ಗೇಮ್ ಪ್ರೋಗ್ರಾಮಿಂಗ್ ಓದಲು ಹೊರಟ. ಲ್ಯಾಪ್‌ಟಾಪ್ ಆರಿಸಲು ಜಗಲಿ ತುಂಬ ನೆಂಟರು. "ಕೀಬೋರ್ಡಲ್ಲಿ ಬಣ್ಣಬಣ್ಣದ ದೀಪ ಇರೋದೇ ತಗೊಳ್ಳೋ" ಎಂದರು ಸೋದರಮಾವ. ದೀಪಕ್ಕೂ ಪ್ರೋಗ್ರಾಮಿಗೂ ಸಂಬಂಧವಿಲ್ಲ. ಆದರೆ ಮಾವನಿಗೆ ಹೇಳುವವರು ಯಾರು?

"ಆಟ ಆಡ್ಬೇಡ ಅಂತ ಇಷ್ಟು ವರ್ಷ ಬೈದೆ. ಈಗ ಅದಕ್ಕೇ ಫೀಸು ಕಟ್ಟಬೇಕಾ?" ಇದು ಅಪ್ಪನ ಸಂಕಟ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕಂಪನಿ 1997ರಿಂದಲೇ ಗೇಮ್ ಕೆಲಸಕ್ಕಿಳಿದು, ಮುಂದೆ ಮೈಕ್ರೋಸಾಫ್ಟಿನ ಫೋರ್ಜಾ ಕಾರುಗಳ ಆಟಕ್ಕೂ ದುಡಿದದ್ದನ್ನು ಮಗ ವಿವರಿಸಿದ. ಅಪ್ಪ ಅರ್ಧ ಕರಗಿದರು.

ಉಳಿದರ್ಧ, ಕಂಪ್ಯೂಟರಿನಲ್ಲಿ ಏನೇನಿರಬೇಕೆಂಬ ಪಟ್ಟಿ ಓದಿದಾಗ ಗಟ್ಟಿಯಾಯಿತು. ಅನ್‌ರಿಯಲ್ ಎಂಜಿನ್ 5 ಎಂಬ ಗೇಮ್ ಕಟ್ಟುವ ತಂತ್ರಾಂಶಕ್ಕೆ ಅದರ ತಯಾರಕರೇ 32 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್ ಮೆಮೊರಿ ಶಿಫಾರಸು ಮಾಡುತ್ತಾರೆ. ಅಪ್ಪ ಮನಸ್ಸಿನಲ್ಲೇ ಅಡಿಕೆ ಮೂಟೆ ಎಣಿಸಿದರು. ಹಾಗೆ ನೋಡಿದರೆ, 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ ಸುಮಾರು 40 ಕಿಲೋಬೈಟು. ಮಾವ ಬೆಳಗಾದರೆ ವಾಟ್ಸಾಪಿನಲ್ಲಿ ಕಳಿಸುವ ಶುಭೋದಯದ ಗುಲಾಬಿಯೇ ಅದಕ್ಕಿಂತ ದಪ್ಪ!

ಅಂಗಡಿಯಲ್ಲಿ ಗೇಮಿಂಗ್ ಲ್ಯಾಪ್‌ಟಾಪಿನ ಚಾರ್ಜರ್ ಎತ್ತಿ ನೋಡಿದ ಅಮ್ಮ, "ಇದನ್ನ ಹೊರೋಕೆ ಬೇರೆ ಆಳು ಬೇಕಲ್ಲೋ" ಎಂದರು. ಕರೆಂಟು ಹೋದರಂತೂ ಗ್ರಾಫಿಕ್ಸ್ ಚಿಪ್ಪು ಬ್ಯಾಟರಿಯಲ್ಲಿ ಪೂರ್ತಿ ವೇಗಕ್ಕೆ ಓಡುವುದೂ ಇಲ್ಲ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಅದು ಹೆಚ್ಚೂಕಡಿಮೆ ಬಣ್ಣದ ದೀಪವೇ.

ಅಷ್ಟಕ್ಕೂ ಮೊದಲ ವರ್ಷದ ಸಿ++ ಪಾಠಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಗೇಮ್ ಕಟ್ಟಲು ಗೊಡೊ ಎಂಜಿನ್ ಇದೆ; ಅದು ಪುಕ್ಕಟೆ, ಹಗುರವೂ ಹೌದು. ಕೊಳ್ಳುವವರು ದೀಪ ಎಣಿಸುವ ಬದಲು, ಮುಂದೆ ರ‍್ಯಾಮ್ ಹೆಚ್ಚಿಸಲು ಸ್ಲಾಟ್ ಖಾಲಿ ಇದೆಯೇ ಎಂದು ಅಂಗಡಿಯವರನ್ನು ಕೇಳಿ.