ಊರಿಂದ ಬಂದ ಗಂಡ

ಸ್ಯಾನ್ ಹೋಸೆ ಸುತ್ತಮುತ್ತ ನೆಲೆ ನಿಂತ ಕನ್ನಡದ ಗಂಡಸರಿಗೆಲ್ಲ ಎರಡೆರಡು ನೌಕರಿ. ಸೋಮವಾರದಿಂದ ಶುಕ್ರವಾರದವರೆಗೆ ಸಾಫ್ಟ್‌ವೇರು. ಶನಿವಾರ, ಭಾನುವಾರ ಗೈಡು. ಮೊದಲನೆಯದಕ್ಕೆ ಸಂಬಳ ಉಂಟು, ಎರಡನೆಯದಕ್ಕೆ ಮಾವನವರ ವಿಮರ್ಶೆ ಉಂಟು. ಊರಿನ ಬಿಸಿಲು ತಾಳಲಾರದೆ ಬಂಧುಬಳಗ ಹಪ್ಪಳ ಸಂಡಿಗೆ ಸಮೇತ ಬಂದಿಳಿಯಿತೆಂದರೆ ಸೀಸನ್ ಶುರು. ಗೋಲ್ಡನ್ ಗೇಟ್ ಸೇತುವೆ, ಸ್ಟ್ಯಾನ್‌ಫರ್ಡ್, ಗೂಗಲ್ ಆಫೀಸಿನ ಬೋರ್ಡು, ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನ, ಹೀಗೆ ಕಟ್ಟುನಿಟ್ಟಿನ ಯಾತ್ರಾಕ್ರಮ. 8 ತಿರುವುಗಳ ಲೊಂಬಾರ್ಡ್ ಬೀದಿ ತೋರಿಸಿದಾಗ ನಮ್ಮಪ್ಪ, “ಆಗುಂಬೆ ಘಾಟಿಯಲ್ಲಿ 14 ಇವೆ ಅಳಿಯಂದಿರೇ. ಯಾರೂ ನಿಂತು ಫೋಟೊ ಹೊಡೆಸಿಕೊಳ್ಳಲ್ಲ. ವಾಂತಿ ಮಾಡ್ಕೊಂಡು ಮುಂದೆ ಹೋಗ್ತಾರೆ” ಎಂದಿದ್ದರು.

ಇಂಥ ಗೈಡಿನ ಹುಟ್ಟುಹಬ್ಬ ಮಾಡುವುದು ಸುಲಭವಲ್ಲ. ಮೊದಲು ಅದು ಯಾವತ್ತು ಎಂಬುದೇ ಇತ್ಯರ್ಥವಾಗಬೇಕು. ಪಾಸ್‌ಪೋರ್ಟಿನಲ್ಲಿರುವುದು ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಡ್‌ಮಾಸ್ತರು ವಯಸ್ಸು ಸರಿಹೊಂದಿಸಲು ಬರೆದುಕೊಂಡ ಜೂನ್ 1. ಆಫೀಸಿನವರು ಅದನ್ನೇ ನಂಬಿ ಕೇಕು ಕತ್ತರಿಸುತ್ತಾರೆ. ನಿಜವಾಗಿ ಹುಟ್ಟಿದ್ದು ಆಗಸ್ಟಿನಲ್ಲಿ. ಅತ್ತೆ ಎರಡನ್ನೂ ಒಪ್ಪುವುದಿಲ್ಲ. ಅವರದು ಶ್ರಾವಣ ಶುದ್ಧ ಬಿದಿಗೆ, ಅದು ಪ್ರತಿ ವರ್ಷವೂ ಜಾಗ ಬದಲಾಯಿಸುತ್ತದೆ. ಸಾಲದ್ದಕ್ಕೆ ಅವರ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಮುಂದೆ. ಇಲ್ಲಿ ಹಿಂದಿನ ದಿನದ ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಆಶೀರ್ವಾದ ಬಂದು ಮುಟ್ಟಿರುತ್ತದೆ.

ಉಡುಗೊರೆಯ ಪಾಡೂ ಅಷ್ಟೆ. ಅಂಗಿ ತಂದರೆ ಬಣ್ಣ ನೋಡುವ ಮೊದಲು “ರಸೀದಿ ಇಟ್ಟಿದ್ದೀಯಾ?” ಎನ್ನುವ ಮನುಷ್ಯ. ಈ ಸಲ ಏನು ಕೊಡುವುದೆಂದು ಯೋಚಿಸುತ್ತ ಹಳೆಯ ಫೋಟೊಗಳನ್ನು ತಿರುವಿಹಾಕಿದೆ. ಗೋಲ್ಡನ್ ಗೇಟಿನ ಮುಂದೆ ಎರಡೂ ಕಡೆಯ ನೆಂಟರಿಷ್ಟರಿದ್ದರು. ಸ್ವೆಟರಿನ ಮೇಲೆ ಸೆರಗು ಹೊದ್ದ ಅತ್ತೆ, ಫ್ಲಾಸ್ಕು ಹಿಡಿದ ನನ್ನ ಸೋದರಮಾವ, ಮಂಗನ ಟೋಪಿಯ ಅಪ್ಪ. ಇವರು ಮಾತ್ರ ಎಲ್ಲೂ ಇಲ್ಲ. ಒಂದೋ ಕ್ಯಾಮೆರಾ ಹಿಂದೆ, ಇಲ್ಲವೇ ಪಾರ್ಕಿಂಗ್ ಹುಡುಕುತ್ತ ಬೆಟ್ಟದ ಬುಡದಲ್ಲಿ.

“ರೀ, ಈ ಶನಿವಾರ ಭಾನುವಾರ ನೀವು ಊರಿಂದ ಬಂದ ನೆಂಟರು. ಸ್ಟೇರಿಂಗ್ ಮುಟ್ಟಬಾರದು, ಪಾರ್ಕಿಂಗ್ ಹುಡುಕಬಾರದು, ವಿವರಣೆ ಕೊಡಬಾರದು” ಎಂದೆ.

“ಪುಕ್ಕಟೆಯಾ?” ಎಂದರು.

ಶನಿವಾರ ನಾನು ಕಾರು ನಡೆಸಿದೆ. ನೆಂಟರು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುವವರೆಗೂ ತುಳಿದರು. ಆಗಸ್ಟ್ ತಿಂಗಳ ಮಂಜು ಸೇತುವೆಯನ್ನು ಪೂರ್ತಿ ನುಂಗಿಹಾಕಿತ್ತು. 746 ಅಡಿಯ ಗೋಪುರದ ತುದಿ ಮಾತ್ರ ಮೇಲೆ ಕೆಂಪಗೆ ಕಾಣುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ, “ಏನ್ರೀ ಇದು, ಬ್ರಿಜ್ಜೇ ಇಲ್ವಲ್ಲ!” ಎಂಬ ಹಾಸನದ ಕಡೆಯ ದನಿ ಕೇಳಿತು. ಹಿರಿಯ ದಂಪತಿ, ಮಗ ಎಲ್ಲಿ ಎಂದರೆ ಪಾರ್ಕಿಂಗ್ ಹುಡುಕಲು ಹೋಗಿದ್ದ. ಇವರ ತುಟಿ ಅದುರುವುದನ್ನು ನೋಡಿ ಮಗಳು, “ಅಪ್ಪ, ಯು ಆರ್ ಎ ಗೆಸ್ಟ್” ಎಂದು ತೋಳು ಹಿಡಿದಳು. ಉಪಯೋಗವಾಗಲಿಲ್ಲ. 1937ರಲ್ಲಿ ಸೇತುವೆ ತೆರೆದದ್ದು, ಗೋಪುರಗಳ ನಡುವಿನ 4,200 ಅಡಿ ಅಂತರ, ಆ ಬಣ್ಣಕ್ಕೆ ಇಂಟರ್‌ನ್ಯಾಷನಲ್ ಆರೆಂಜ್ ಎಂಬ ಹೆಸರಿರುವುದು ಎಲ್ಲ ಒಂದೇ ಉಸಿರಿಗೆ ಹೊರಬಂತು. “ಸುಂಕ ಊರೊಳಕ್ಕೆ ಬರುವವರಿಗೆ ಮಾತ್ರ ಯಜಮಾನ್ರೇ, ಹೊರಗೆ ಹೋಗೋರಿಗಿಲ್ಲ” ಎಂದಾಗ ಯಜಮಾನರು, “ಹಾಗಾದ್ರೆ ಆ ಕಡೆಗೇ ಮನೆ ಮಾಡು ಅಂತೀನಿ ಮಗನಿಗೆ” ಎಂದರು. ಕೊನೆಗೆ ಅವರಿಬ್ಬರನ್ನೂ ತಮ್ಮ ಮಾಮೂಲಿ ಕಲ್ಲಿನ ಪಕ್ಕ ನಿಲ್ಲಿಸಿ, “ಅಮ್ಮ, ಸ್ವಲ್ಪ ಎಡಕ್ಕೆ” ಎನ್ನುತ್ತ ಫೋಟೊ ತೆಗೆದ ಮೇಲೆಯೇ ಇವರ ಮುಖಕ್ಕೆ ಹುಟ್ಟುಹಬ್ಬದ ಕಳೆ ಬಂದದ್ದು.

ಭಾನುವಾರ ಎಲ್ಲಿಗೆ ಎಂದು ನೆಂಟರನ್ನೇ ಕೇಳಿದೆ. ಹ್ಯಾಮಿಲ್ಟನ್ ಬೆಟ್ಟದ ಲಿಕ್ ವೀಕ್ಷಣಾಲಯ ಎಂದರು. ಆಕಾಶ ತಿಳಿಯಾಗಿದ್ದರೆ ಅದರ ಬಿಳಿ ಗುಮ್ಮಟ ನಮ್ಮ ಅಡುಗೆಮನೆ ಕಿಟಕಿಗೇ ಕಾಣುತ್ತದೆ. ಊರಿಂದ ಬಂದವರಾರೂ ಅದನ್ನು ಕೇಳಿರಲಿಲ್ಲವಾದ್ದರಿಂದ ನಾವೂ ಹೋಗಿರಲಿಲ್ಲ. ನಮ್ಮ ಪಾಲಿನ ಕ್ಯಾಲಿಫೋರ್ನಿಯಾ ಎಂದರೆ ನೆಂಟರ ಪಟ್ಟಿಯಲ್ಲಿರುವಷ್ಟೇ.

ಬೆಟ್ಟದ ರಸ್ತೆಯನ್ನು 1876ರಲ್ಲಿ ಕುದುರೆಗಾಡಿಗಳಿಗಾಗಿ ಮಾಡಿದ್ದು. ಸಾಮಾನು ಎಳೆಯುವ ಕುದುರೆಗಳಿಗೆ ಏದುಸಿರು ಬರಬಾರದೆಂದು ಏರು ತಗ್ಗಿಸಿ ತಿರುವು ಹೆಚ್ಚಿಸಿದರು. ವರ್ಷದ ದಿನಕ್ಕೊಂದರಂತೆ 365 ತಿರುವು ಎಂದು ಪ್ರತೀತಿ. ಕುದುರೆಯ ಬಗ್ಗೆ ಅಷ್ಟು ಯೋಚಿಸಿದವರು ಹಿಂದಿನ ಸೀಟಿನ ಮಕ್ಕಳ ಬಗ್ಗೆ ಯೋಚಿಸಿರಲಿಲ್ಲ. ಅಪ್ಪ ಹೇಳಿದ ಆಗುಂಬೆಯ ವಿಧಿಯನ್ನು ಮಗಳು ಎರಡು ಕಡೆ ನೆರವೇರಿಸಿದಳು.

ಮೇಲೆ ಹೋದದ್ದೇ ತಡ, ನಮ್ಮ ಗೈಡು ಪೂರ್ತಿ ನೆಂಟರಾಗಿಬಿಟ್ಟರು. ಅಲ್ಲಿನ ಸಂಗತಿ ಒಂದೂ ಗೊತ್ತಿಲ್ಲ ನೋಡಿ! ಮೊದಲು “ಬಾತ್‌ರೂಮ್ ಎಲ್ಲಿ?” ಆಮೇಲೆ “ಬಿಸಿ ಕಾಫಿ ಸಿಗತ್ತಾ?” ಒಳಗೆ 36 ಅಂಗುಲ ಮಸೂರದ ದೂರದರ್ಶಕ ಗುಮ್ಮಟದ ಸೀಳಿನತ್ತ ಮೂತಿ ಚಾಚಿ ನಿಂತಿತ್ತು. 1888ರಲ್ಲಿ ಕೆಲಸ ಶುರು ಮಾಡಿದಾಗ ಮಸೂರದ ದೂರದರ್ಶಕಗಳಲ್ಲಿ ಪ್ರಪಂಚಕ್ಕೇ ದೊಡ್ಡದು. ಗೆಲಿಲಿಯೊ 1610ರಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡ ಮೇಲೆ, ಐದನೆಯದು ಖಗೋಳಜ್ಞ ಬರ್ನಾರ್ಡ್ ಕಣ್ಣಿಗೆ ಬಿದ್ದದ್ದು 1892ರಲ್ಲಿ, ಇದರ ಮೂಲಕವೇ. ಪಿಯಾನೊ ಮಾಡಿಕೊಂಡಿದ್ದು, ಆಮೇಲೆ ಜಮೀನಿನ ವ್ಯವಹಾರದಲ್ಲಿ ಕುಬೇರನಾದ ಜೇಮ್ಸ್ ಲಿಕ್ ಇದಕ್ಕಾಗಿ 7 ಲಕ್ಷ ಡಾಲರ್ ಬಿಟ್ಟುಹೋದನೆಂದು ಅಲ್ಲಿಯಾಕೆ ಹೇಳಿದಾಗ ಇವರು ಬೆರಳು ಮಡಿಸತೊಡಗಿದರು. “ನಮ್ಮ ದುಡ್ಡಲ್ಲಿ ಎಷ್ಟಾಯ್ತು?” ಎಂದು ನನ್ನ ಕಿವಿಯಲ್ಲಿ ಕೇಳಿದರು. ಇಷ್ಟು ವರ್ಷದಿಂದ ಇವರ ದುಡ್ಡೂ ಡಾಲರೇ!

ಫೋಟೊಕ್ಕೆ ನಿಲ್ಲಿಸಿದರೆ ಅಭ್ಯಾಸ ತಪ್ಪಿದ ಮನುಷ್ಯ, ಎರಡೂ ಕೈ ಇಳಿಬಿಟ್ಟು ಮತದಾರರ ಗುರುತಿನ ಚೀಟಿಗೆ ನಿಂತವರ ಹಾಗೆ ನಿಂತರು. ಆದರೂ ಫೋಟೊದಲ್ಲಿ ಇದ್ದರು.

ಮನೆಗೆ ಬಂದು ಷೂ ಬಿಚ್ಚುತ್ತಲೇ ಅತ್ತೆಗೆ ಫೋನ್ ಮಾಡಿದರು. ಅಲ್ಲಿ ಸೋಮವಾರ ಬೆಳಗಾಗಿತ್ತು. ಹೊಸದಾಗಿ ಕಲಿತದ್ದನ್ನೆಲ್ಲ ಒಪ್ಪಿಸುತ್ತ, ಲಿಕ್ 1876ರಲ್ಲಿ ತೀರಿಕೊಂಡದ್ದು, ಅವನನ್ನು ಆ ದೂರದರ್ಶಕದ ಕೆಳಗೇ ಸಮಾಧಿ ಮಾಡಿರುವುದು, ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದರು. ಆ ಕಡೆ ಒಂದು ಕ್ಷಣ ಮಾತಿಲ್ಲ.

“ಹುಟ್ಟಿದಹಬ್ಬಕ್ಕೆ ಯಾರದೋ ಗೋರಿ ಸುತ್ಕೊಂಡು ಬಂದಿದೀಯಲ್ಲೋ! ಮೊದಲು ಹೋಗಿ ತಲೆ ಮೇಲೆ ನೀರು ಹುಯ್ಕೊ. ಅವಳಿಗೆ ಕೊಡು ಫೋನು.”

ಇವರು ಬಚ್ಚಲಿಗೆ ನಡೆದರು. ನಾನು ಫೋನ್ ತೆಗೆದುಕೊಂಡೆ.

“ಅವನಿಗಂತೂ ಇಲ್ಲ, ನಿನಗಾದ್ರೂ ಬುದ್ಧಿ ಬೇಡ್ವೇನೇ?” ಎಂದವರು ದನಿ ತಗ್ಗಿಸಿದರು. “ಅದಿರ್ಲಿ, ಅಷ್ಟು ದೊಡ್ಡ ದುರ್ಬೀನಾ? ಮುಂದಿನ ಸಲ ಬಂದಾಗ ನನ್ನನ್ನೂ ಕರ್ಕೊಂಡ್ಹೋಗಿ. ನೋಡಿ ಬಂದು ಸ್ನಾನ ಮಾಡಿದ್ರಾಯ್ತು.”